ನಿವೃತ್ತಿಗೆ ಕರಾವಳಿ: ಮೊದಲು ಒಂದು ಮಳೆಗಾಲ ಬಾಡಿಗೆಗಿರಿ

ಪ್ರಶ್ನೆ: ದಾವಣಗೆರೆಯವನು. ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರಾಗಿದ್ದು ಕಳೆದ ವರ್ಷ ನಿವೃತ್ತನಾದೆ. ಪಿಂಚಣಿ ತಿಂಗಳಿಗೆ 34 ಸಾವಿರ. ನಿವೃತ್ತಿಯ ಹಣ, ಒಂದು ಸೈಟು ಮಾರಿದ ಹಣ ಸೇರಿ ಕೈಯಲ್ಲಿ 45 ಲಕ್ಷ ಇದೆ. ಇಲ್ಲಿ ಚಿಕ್ಕದೊಂದು ಹಳೆಯ ಮನೆ ಉಂಟು. ಮಗಳು ಬೆಂಗಳೂರಿನಲ್ಲಿದ್ದಾಳೆ. ಹೆಂಡತಿಗೆ ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ, ಮಂಡಿನೋವೂ ಇದೆ. ಕಡಲ ಸದ್ದು ಕೇಳುವಂಥ ಕಡೆ ಉಳಿದ ದಿನ ಕಳೆಯಬೇಕೆಂಬುದು ಇಬ್ಬರದೂ ಹಳೆಯ ಆಸೆ. ಬೈಂದೂರಿನ ಹತ್ತಿರ, ಸಮುದ್ರಕ್ಕೆ 300 ಮೀಟರ್ ದೂರದಲ್ಲಿ 10 ಸೆಂಟ್ಸ್ ಜಾಗ ಮತ್ತು ಹಳೆಯ ಹೆಂಚಿನ ಮನೆಯನ್ನು 38 ಲಕ್ಷಕ್ಕೆ ಹೇಳುತ್ತಿದ್ದಾರೆ. ಕುಮಟಾ ಕಡೆ ಇನ್ನೂ ಅಗ್ಗ ಅನ್ನುತ್ತಾರೆ. ಯಾವುದು ಸರಿ? ನನ್ನ ಹತ್ತಿರ 800 ಪುಸ್ತಕಗಳಿವೆ, ಅವು ಅಲ್ಲಿ ಉಳಿಯುತ್ತವೆಯೇ?

ಉತ್ತರ:

ಮೇಷ್ಟ್ರೇ, ನಮಸ್ಕಾರ. ಬ್ಯಾಂಕಿನ ಗೃಹಸಾಲ ವಿಭಾಗದಲ್ಲಿ 31 ವರ್ಷ ಕೆಲಸ ಮಾಡಿದವನು ನಾನು. ಅದರಲ್ಲಿ ಹೆಚ್ಚಿನ ಕಾಲ ಕಳೆದದ್ದು ಮೂಲ್ಕಿಯಿಂದ ಅಂಕೋಲಾದವರೆಗಿನ ಶಾಖೆಗಳಲ್ಲಿ. ಸಾಲ ಕೊಡುವ ಮುಂಚೆ ಜಾಗ ನೋಡುವುದು, ದಾಖಲೆ ಓದುವುದು, ಸಾಲ ಕೊಟ್ಟ ಮೇಲೆ ಆ ಮನೆಯವರು ಹೇಗಿದ್ದಾರೆಂದು ನೋಡುವುದು ನನ್ನ ಕೆಲಸವಾಗಿತ್ತು. ಆದ್ದರಿಂದ ನೇರವಾಗಿ ಹೇಳುತ್ತೇನೆ. ಬೈಂದೂರಿನ ಆ ಮನೆಗೆ ಮುಂಗಡ ಕೊಡಬೇಡಿ. ಈ ವರ್ಷ ಯಾವ ಮನೆಯನ್ನೂ ಕೊಳ್ಳಬೇಡಿ. ಬ್ರಹ್ಮಾವರದಿಂದ ಕುಂದಾಪುರದ ನಡುವೆ ಒಂದು ಬಾಡಿಗೆ ಮನೆ ಹಿಡಿದು, ಒಂದು ಪೂರ್ತಿ ಬೇಸಿಗೆ ಮತ್ತು ಒಂದು ಪೂರ್ತಿ ಮಳೆಗಾಲ ಇದ್ದು ನೋಡಿ.

ಆಸ್ಪತ್ರೆಯ ಮಾತಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನಿಮ್ಮ ಮನೆಯ ಮಟ್ಟಿಗೆ ಬೇರೆಲ್ಲ ಲೆಕ್ಕವೂ ಅದರ ಹಿಂದೆ ಬರುತ್ತದೆ. ಸ್ಟೆಂಟ್ ಹಾಕಿಸಿಕೊಂಡವರಿಗೆ ರಾತ್ರಿ ಎದೆನೋವು ಬಂದರೆ ಹತ್ತಿರದಲ್ಲೊಂದು ನರ್ಸಿಂಗ್ ಹೋಂ ಇದ್ದರೆ ಸಾಲದು, ಹೃದಯದ ರಕ್ತನಾಳದ ತಡೆಯನ್ನು ಕೂಡಲೇ ಬಿಡಿಸುವ, ಇಪ್ಪತ್ತನಾಲ್ಕು ಗಂಟೆಯೂ ನಡೆಯುವ ಕ್ಯಾಥ್ ಲ್ಯಾಬ್ ಬೇಕು. ನಮ್ಮ ಕರಾವಳಿಯಲ್ಲಿ ಅಂಥ ದೊಡ್ಡ ಆಸರೆ ಇರುವುದು ಮಂಗಳೂರು ಮತ್ತು ಉಡುಪಿ-ಮಣಿಪಾಲದಲ್ಲಿ. ಮಣಿಪಾಲದ ವೈದ್ಯಕೀಯ ಕಾಲೇಜು 1953ರದ್ದು. ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡದ ಜನ ಕಾಯಿಲೆ ಜೋರಾದರೆ ಇವತ್ತಿಗೂ ಅಲ್ಲಿಗೇ ಬರುತ್ತಾರೆ. ಬ್ರಹ್ಮಾವರದಿಂದ ಮಣಿಪಾಲಕ್ಕೆ ಹದಿನಾರು-ಹದಿನೇಳು ಕಿಲೋಮೀಟರ್, ಕುಂದಾಪುರದಿಂದ ನಲವತ್ತರ ಆಸುಪಾಸು, ಬೈಂದೂರಿನಿಂದ ಸುಮಾರು ಎಪ್ಪತ್ತು. ಹೊನ್ನಾವರ, ಕುಮಟಾದಿಂದ ಹೊರಟರೆ ನೂರಿಪ್ಪತ್ತು ದಾಟುತ್ತದೆ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಹಾಗಿದ್ದರೂ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡದ ಜನ ವರ್ಷಗಳಿಂದ ಕೇಳುತ್ತಲೇ ಇದ್ದಾರೆ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆತರುತ್ತಿದ್ದ ಆಂಬುಲೆನ್ಸ್ ಬೈಂದೂರು ತಾಲ್ಲೂಕಿನ ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ತೀರಿಕೊಂಡರು. ಸುರಿವ ಮಳೆ, ಒದ್ದೆ ರಸ್ತೆ, ದೂರದ ಓಟ. ಆ ದೃಶ್ಯವನ್ನು ಟಿ.ವಿ.ಯಲ್ಲಿ ನೋಡಿದ ಯಾವ ಕರಾವಳಿಯವನೂ ಅದನ್ನು ಮರೆತಿಲ್ಲ.

ಇನ್ನೊಂದು ವಿಷಯ. ಉತ್ತರಕ್ಕೆ ಹೋದಷ್ಟೂ ಘಟ್ಟದ ಬುಡ ಕಡಲಿಗೆ ಹತ್ತಿರವಾಗುತ್ತದೆ. ಊರೂರನ್ನು ಜೋಡಿಸುವುದು ರಾಷ್ಟ್ರೀಯ ಹೆದ್ದಾರಿ 66 ಒಂದೇ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ (ಇದು ಬೇರೆ ಶಿರೂರು) ಗುಡ್ಡ ಕುಸಿದು ಜೀವಹಾನಿಯಾಯಿತು, ಹೆದ್ದಾರಿ ಹಲವು ದಿನ ಮುಚ್ಚಿತು. ಅದಾದ ಮೂರೇ ವಾರಕ್ಕೆ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ರಾತ್ರೋರಾತ್ರಿ ಮುರಿದುಬಿತ್ತು. ಆ ಊರುಗಳು ವಾಸಕ್ಕೆ ಒಳ್ಳೆಯವಲ್ಲ ಎಂದು ನಾನು ಹೇಳುತ್ತಿಲ್ಲ. ಕುಮಟಾದಷ್ಟು ಸಜ್ಜನಿಕೆಯ, ಓದುವ, ತಾಳಮದ್ದಳೆ ಕೇಳುವ ಪಟ್ಟಣವನ್ನು ನಾನು ಕಂಡದ್ದು ಕಡಿಮೆ. ಗಂಡ ಹೆಂಡತಿ ಇಬ್ಬರೂ ಗಟ್ಟಿಮುಟ್ಟಾಗಿದ್ದು, ಮಕ್ಕಳು ಹುಬ್ಬಳ್ಳಿ-ಧಾರವಾಡದಲ್ಲಿದ್ದರೆ ನಾನೇ ಕುಮಟಾ ಅನ್ನುತ್ತಿದ್ದೆ. ನಿಮ್ಮ ಮನೆಯವರ ಸ್ಥಿತಿಗೆ ಅದು ಬೇಡ.

ಈಗ ದುಡ್ಡಿನ ಲೆಕ್ಕ. 38 ಲಕ್ಷದ ಮನೆ ಎಂದರೆ 38ಕ್ಕೆ ಮುಗಿಯುವುದಿಲ್ಲ. ಮುದ್ರಾಂಕ ಶುಲ್ಕ ಶೇ 5, ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 2. ಸೆಸ್, ಸರ್ಚಾರ್ಜ್ ಸೇರಿದರೆ ಮೂರು ಲಕ್ಷದ ಹತ್ತಿರ. ಹಳೆಯ ಹೆಂಚಿನ ಮನೆಯ ಪಕಾಸಿ, ರೀಪು (ಹೆಂಚನ್ನು ಹೊರುವ ಮರದ ತೊಲೆ, ಪಟ್ಟಿಗಳು) ಬದಲಿಸಿ, ವೈರಿಂಗ್ ಹೊಸದು ಮಾಡಿ, ಮಂಡಿನೋವಿನವರಿಗೆ ಬೇಕಾದ ಕಮೋಡ್ ಕೂರಿಸುವಷ್ಟರಲ್ಲಿ ನಿಮ್ಮ 45 ಲಕ್ಷ ಖಾಲಿ. ಆಮೇಲೆ ಕೈಯಲ್ಲಿ ಉಳಿಯುವುದು ಪಿಂಚಣಿ ಮಾತ್ರ.

ಅದೇ ಹಣದಲ್ಲಿ 30 ಲಕ್ಷವನ್ನು ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟರೆ? ಒಬ್ಬರಿಗೆ 30 ಲಕ್ಷವೇ ಮಿತಿ. ಬಡ್ಡಿದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಘೋಷಿಸುತ್ತದೆ, 2023ರ ಏಪ್ರಿಲ್‌ನಲ್ಲಿ ಅದು ಶೇ 8.2ಕ್ಕೆ ಏರಿತು. ನೀವು ಸೇರುವ ದಿನದ ದರ ಐದು ವರ್ಷ ಹಾಗೇ ಇರುತ್ತದೆ, ಆದ್ದರಿಂದ ಆವತ್ತಿನ ದರ ಕೇಳಿಕೊಂಡೇ ಕಟ್ಟಿ. ಶೇ 8.2ರಂತೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಖಾತೆಗೆ ಬೀಳುತ್ತದೆ, ತಿಂಗಳಿಗೆ 20,500 ಆಯಿತು. ಪಿಂಚಣಿ ಸೇರಿದರೆ 54,500. ಕುಂದಾಪುರ, ಕೋಟ, ಸಾಲಿಗ್ರಾಮ ಕಡೆ ಇಬ್ಬರಿಗೆ ಸಾಕಾಗುವ ಎರಡು ಕೋಣೆಯ ಮನೆ ಈಚೆಗೆ ನಾನು ಕಂಡ ಕರಾರುಗಳಲ್ಲಿ ಎಂಟರಿಂದ ಹನ್ನೆರಡು ಸಾವಿರಕ್ಕೆ ಸಿಕ್ಕಿದೆ. ಮಣಿಪಾಲದೊಳಗೆ ವಿದ್ಯಾರ್ಥಿಗಳ ಬೇಡಿಕೆಯಿಂದಾಗಿ ಬಾಡಿಗೆ ಹೆಚ್ಚು, ಅಲ್ಲಿಗೆ ಹೋಗಬೇಡಿ. ಬಾಡಿಗೆ ಕೊಟ್ಟ ಮೇಲೂ ನಿಮ್ಮ ಕೈಯಲ್ಲಿ 42 ಸಾವಿರಕ್ಕೆ ಕಡಿಮೆಯಿಲ್ಲದ ತಿಂಗಳ ಹಣ, ಮೇಲಿಂದ 15 ಲಕ್ಷ ಆಪತ್ತಿಗೆಂದು ಎತ್ತಿಟ್ಟದ್ದು ಉಳಿಯುತ್ತದೆ. ಮುದಿತನದಲ್ಲಿ ಬಾಡಿಗೆ ಮನೆಯೇ ಎಂದು ನಿಮ್ಮ ಮನೆಯವರಿಗೆ ಬೇಸರವಾಗಬಹುದು. ದಾವಣಗೆರೆಯ ಮನೆಯನ್ನು ಮಾರದೆ ಇಟ್ಟುಕೊಳ್ಳಿ. ಸ್ವಂತ ಸೂರು ಅದೇ ಆಯಿತಲ್ಲ.

ಇನ್ನು ನೀವು ನೋಡಿಟ್ಟ ಜಾಗ. ಕಡಲಿಗೆ 300 ಮೀಟರ್ ಎಂದು ಮಾರುವವರು ಖುಷಿಯಿಂದ ಹೇಳುತ್ತಾರೆ. ನನಗೆ ಅದು ಕೇಳಿದೊಡನೆ ಮೂರು ಸಂಶಯ ಬರುತ್ತವೆ.

ಮೊದಲನೆಯದು ಸಿ.ಆರ್.ಝಡ್., ಅಂದರೆ ಕರಾವಳಿ ನಿಯಂತ್ರಣ ವಲಯ. 1991ರಲ್ಲಿ ಬಂದ ನಿಯಮ, 2011ರಲ್ಲಿ ಒಮ್ಮೆ, 2019ರಲ್ಲಿ ಮತ್ತೊಮ್ಮೆ ಹೊಸದಾಯಿತು. ಭರತದ ಗೆರೆಯಿಂದ, ಅಂದರೆ ಉಬ್ಬರದ ನೀರು ಏರಿ ಬರುವ ಗೆರೆಯಿಂದ, 500 ಮೀಟರ್‌ವರೆಗೂ ಅದರ ಕಣ್ಣು ಇರುತ್ತದೆ. ಹಳ್ಳಿಗಾಡಿನಲ್ಲಿ, ಜನಸಾಂದ್ರತೆ ತೀರಾ ಹೆಚ್ಚಿಲ್ಲದ ಕಡೆ, ಮೊದಲ 200 ಮೀಟರ್‌ನಲ್ಲಿ ನಿಮ್ಮಂಥವರು ಹೊಸ ಮನೆ ಕಟ್ಟುವಂತಿಲ್ಲ. ಅದರಾಚೆ 500ರ ತನಕ ಕಟ್ಟಬೇಕಾದರೆ ಅನುಮತಿ ಬೇಕು, ಷರತ್ತುಗಳೂ ಇರುತ್ತವೆ. ಭರತದ ಗೆರೆ ಎಂದರೆ ಡಿಸೆಂಬರಿನಲ್ಲಿ ನೀವು ಕಾಲು ತೋಯಿಸಿಕೊಂಡ ಜಾಗವಲ್ಲ, ನಕ್ಷೆಯಲ್ಲಿ ಸರ್ಕಾರ ಎಳೆದ ಗೆರೆ. ಹಿಂದುಗಡೆ ಹೊಳೆಯೋ ಅಳಿವೆಯೋ ಇದ್ದರೆ, ಉಬ್ಬರದ ಉಪ್ಪು ನೀರು ಬರುವಲ್ಲಿಯವರೆಗೂ ಆ ದಡದಿಂದ ಬೇರೆ ಲೆಕ್ಕ. ನಾಳೆ ಹಳೆಯ ಮನೆ ಕೆಡವಿ ಹೊಸದು ಕಟ್ಟೋಣ ಅಂದಾಗ ಈ ಕಾಗದಗಳೆಲ್ಲ ಎದುರಿಗೆ ಬಂದು ನಿಲ್ಲುತ್ತವೆ. ಬ್ರೋಕರ್ ಬಾಯಿಮಾತು ನಂಬದೆ, ಸರ್ವೆ ನಂಬರ್ ಹಿಡಿದು ಜಿಲ್ಲಾ ಕೇಂದ್ರದಲ್ಲಿ ಈ ವಿಷಯ ನೋಡಿಕೊಳ್ಳುವ ಪರಿಸರ ಕಚೇರಿಯಲ್ಲೇ ಕೇಳಬೇಕು.

ಎರಡನೆಯದು ಉಪ್ಪು ಗಾಳಿ. ಕಡಲ ಪಕ್ಕದ ಮನೆಗೆ ಹೋದರೆ ನಾನು ಮೊದಲು ನೋಡುತ್ತಿದ್ದದ್ದು ಗೋಡೆಯನ್ನಲ್ಲ, ಸ್ವಿಚ್‌ಬೋರ್ಡಿನ ಸ್ಕ್ರೂಗಳನ್ನು, ಫ್ರಿಜ್ಜಿನ ಕಾಲನ್ನು, ಕಿಟಕಿ ಸರಳು ಚೌಕಟ್ಟಿಗೆ ಸೇರುವ ಜಾಗವನ್ನು. ಅಲ್ಲಿ ತುಕ್ಕು ಪದರ ಪದರವಾಗಿ ಏಳುತ್ತಿದ್ದರೆ ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೂ ಅದೇ ಗತಿಯಾಗಿರುತ್ತದೆ. ಕೆಲವು ವರ್ಷಕ್ಕೇ ಚಾವಣಿಯ ಸಿಮೆಂಟು ಹಕ್ಕಳೆಯಾಗಿ ಉದುರುತ್ತದೆ.

ಮೂರನೆಯದು ಬಾವಿ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಒಮ್ಮೆ ಫೆಬ್ರುವರಿಯಲ್ಲಿ ಸಾಲದ ತನಿಖೆಗೆಂದು ತೀರದ ಒಂದು ಮನೆಗೆ ಹೋಗಿದ್ದೆ. ಅಂಗಳದಲ್ಲಿ ಕೆಂಪು ಕಲ್ಲಿನ ಚೊಕ್ಕ ಬಾವಿ, ಹನ್ನೆರಡು ಅಡಿಗೆಲ್ಲ ನೀರು. ಕುಡಿದು ನೋಡಿದೆ, ಸಿಹಿಯಾಗಿತ್ತು. ಬಯಲುಸೀಮೆಯಿಂದ ಬಂದ ದಂಪತಿ ಆ ಬಾವಿ ನೋಡಿಯೇ ಮನೆ ಒಪ್ಪಿದ್ದರು. ಮರುವರ್ಷ ಮೇ ತಿಂಗಳಲ್ಲಿ ಬೇರೆ ಕೆಲಸಕ್ಕೆ ಆ ಕಡೆ ಹೋದವನು ಹೊಕ್ಕೆ. ಆ ತಾಯಿ ಒಂದು ಕೊಡ ನೀರು ಸೇದಿ ನನ್ನ ಕೈಗೆ ಸೋಪು ಕೊಟ್ಟರು. ಎಷ್ಟು ಉಜ್ಜಿದರೂ ನೊರೆ ಬರಲಿಲ್ಲ, ಮೊಸರಿನ ಗಸಿಯಂತೆ ಬೆರಳಿಗೆ ಅಂಟಿತು. ಬೇಳೆ ಕುಕ್ಕರಿನಲ್ಲಿ ಎಂಟು ಸೀಟಿಗೂ ಬೇಯುವುದಿಲ್ಲ, ಮಾರ್ಚ್ ಕೊನೆಯಿಂದ ಕುಡಿಯುವ ನೀರನ್ನು ಟ್ಯಾಂಕರಿನವರಿಂದ ಕೊಳ್ಳುತ್ತೇವೆ ಅಂದರು. ಬೇಸಿಗೆಯಲ್ಲಿ ಒಳನಾಡಿನ ಸಿಹಿನೀರಿನ ಮಟ್ಟ ಇಳಿದಾಗ ಕಡಲ ನೀರು ಮರಳಿನಡಿಯಿಂದ ಒಳಗೆ ನುಗ್ಗುತ್ತದೆ, ಪಂಪು ಹಾಕಿ ಎಳೆದಷ್ಟೂ ಅದು ಮುಂದೆ ಬರುತ್ತದೆ. ವರ್ಷಕ್ಕೆ ಮೂರೂವರೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ಸೀಮೆಯಲ್ಲಿ ನೀರಿಗೆ ಬರವೇ ಎಂದು ನಿಮ್ಮೂರಿನವರಿಗೆ ನಂಬಲು ಕಷ್ಟವಾದೀತು. ಆ ಮಳೆಯಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ ಸುರಿದು ಕಡಲು ಸೇರಿಬಿಡುತ್ತದೆ. ಬಾವಿಯನ್ನು ಮೇ ತಿಂಗಳಲ್ಲೇ ನೋಡಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಹಾಗಾದರೆ ಕಡಲ ಸದ್ದು? ಅದು ನಿಮ್ಮ ಆಸೆಯ ಮುಖ್ಯ ಭಾಗ ಎಂದು ಬಲ್ಲೆ, ಅದನ್ನು ಬಿಡಿ ಎನ್ನುವುದಿಲ್ಲ. ಹೆದ್ದಾರಿಯಿಂದ ಪೂರ್ವಕ್ಕೆ, ಕಡಲಿಂದ ಎರಡು ಮೂರು ಕಿಲೋಮೀಟರ್ ಒಳಗೆ ಮನೆ ಹಿಡಿಯಿರಿ. ಆಷಾಢದ ರಾತ್ರಿ ಗಾಳಿ ಪಶ್ಚಿಮದಿಂದ ಬೀಸುವಾಗ ಮೊರೆತ ಅಲ್ಲಿಗೂ ಕೇಳುತ್ತದೆ, ದೂರದಲ್ಲಿ ರೈಲು ನಿಲ್ಲದೆ ಹೋಗುತ್ತಲೇ ಇದ್ದ ಹಾಗೆ. ಆ ತಿಂಗಳುಗಳಲ್ಲಿ ದಂಡೆಗೆ ಇಳಿಯುವಂತೆಯೂ ಇಲ್ಲ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೇ ಕಡಲಿಗೆ ಹೋಗಲು ನಿಷೇಧ. ಕೆಲವು ಕಡೆ ಕಡಲ್ಕೊರೆತ ತೆಂಗಿನ ಮರಗಳನ್ನು ಬುಡಸಮೇತ ಎಳೆದುಕೊಳ್ಳುತ್ತದೆ. ಅಕ್ಟೋಬರಿನಿಂದ ಮೇ ತನಕ ಸಂಜೆ ಆಟೋದಲ್ಲಿ ಹತ್ತು ನಿಮಿಷಕ್ಕೆ ದಂಡೆ. ಕೋಡಿ, ಬೀಜಾಡಿ, ಇನ್ನೂ ಸ್ವಲ್ಪ ಮೇಲೆ ಒಂದು ಬದಿ ಸೌಪರ್ಣಿಕಾ ಇನ್ನೊಂದು ಬದಿ ಕಡಲು ಇರುವ ಮರವಂತೆ. ಜನಜಂಗುಳಿ ಇಲ್ಲದ ಮರಳು ನಿಮಗೆ ಬೇಕಾದಷ್ಟಿದೆ.

ಬ್ರಹ್ಮಾವರ-ಕುಂದಾಪುರದ ಈ ಪಟ್ಟಿಯನ್ನು ಹೇಳಲು ನನಗೆ ಇನ್ನೂ ಒಂದು ಕಾರಣವಿದೆ. ಉಡುಪಿಯಿಂದ ತೆಂಕಕ್ಕೆ ಮನೆಮಾತು ತುಳು, ಕೊಂಕಣಿ. ಅವರು ನಿಮ್ಮ ಜೊತೆ ಚೆನ್ನಾಗಿಯೇ ಕನ್ನಡ ಆಡುತ್ತಾರೆ, ಆದರೆ ಅವರವರಲ್ಲಿ ಮಾತು ತುಳುವಿಗೆ ಹೊರಳಿದಾಗ ವಯಸ್ಸಾದವರು ಮೂಲೆಯಲ್ಲಿ ಕೂತಂತಾಗುತ್ತದೆ. ಕೋಟ, ಕುಂದಾಪುರದ್ದು ಕನ್ನಡವೇ. ಮೊದಲ ತಿಂಗಳು ಅರ್ಧ ತಿಳಿಯದಿದ್ದರೂ ಕನ್ನಡ ಮೇಷ್ಟ್ರಿಗೆ ಆ ಮಾತು ಹಬ್ಬ. 'ಹ್ವಾಯ್' ಎಂದು ಕೂಗಿ ಕರೆಯುವವರು, 'ಕಾಂಬ' ಎನ್ನುವ ಹಳಗನ್ನಡದ ವಾಸನೆಯ ಕ್ರಿಯಾಪದಗಳು, ನವೆಂಬರಿನಿಂದ ಮೇವರೆಗೆ ಗದ್ದೆ ಗದ್ದೆಯಲ್ಲಿ ಬಡಗುತಿಟ್ಟಿನ ಯಕ್ಷಗಾನದ ಆಟ. ಮಗಳು ಬರಲು ಬೆಂಗಳೂರು-ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿ ಹತ್ತಿದರೆ ಬೆಳಿಗ್ಗೆ ಕುಂದಾಪುರ.

ಬಸ್ಸಿನ ವಿಷಯ ಚಿಕ್ಕದೆಂದು ಕಾಣಬಹುದು, ತಿಂಗಳ ಖರ್ಚಿನಲ್ಲಿ ಅದು ಗೊತ್ತಾಗುತ್ತದೆ. ದಾವಣಗೆರೆಯಲ್ಲಿ ನಿಮ್ಮ ಮನೆಯವರು 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಪುಕ್ಕಟೆ ಓಡಾಡಿರುತ್ತಾರೆ. ಉಡುಪಿ ಜಿಲ್ಲೆಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅದರಲ್ಲಿ ಟಿಕೆಟ್ ಕೊಡಲೇಬೇಕು. ಅವು ಐದು ಹತ್ತು ನಿಮಿಷಕ್ಕೊಂದು ಬರುತ್ತವೆ ನಿಜ, ಆದರೆ ರಾತ್ರಿ ಎಂಟರ ಮೇಲೆ ಒಳದಾರಿಗಳಲ್ಲಿ ಬಸ್ಸೇ ಇರುವುದಿಲ್ಲ. ಮನೆಯಿಂದ ಬಸ್ ಸ್ಟಾಪಿಗೆ ಮಂಡಿನೋವಿನವರು ನಡೆಯುವಷ್ಟು ದೂರವಿರಲಿ, ಆ ದಾರಿ ಏರು ಇಳಿತವಿಲ್ಲದ್ದಾಗಿರಲಿ.

ಒಂದು ಮಳೆಗಾಲ, ಒಂದು ಬೇಸಿಗೆ ಕಳೆದು, ಇಲ್ಲೇ ಇರುತ್ತೇವೆ ಎಂದು ಇಬ್ಬರಿಗೂ ಅನಿಸಿದರೆ ಆಗ ಕೊಳ್ಳುವ ಮಾತು. ಆಗಲೂ ನಾನು 10 ಸೆಂಟ್ಸ್ ಜಾಗಕ್ಕಿಂತ ಲಿಫ್ಟು, ಜನರೇಟರು ಇರುವ ಐದಾರು ವರ್ಷ ಹಳೆಯ ಫ್ಲಾಟ್ ನೋಡಿ ಎನ್ನುತ್ತೇನೆ. 10 ಸೆಂಟ್ಸ್ ಅಂದರೆ 4,356 ಚದರ ಅಡಿ, ನಿಮ್ಮ ಲೆಕ್ಕದಲ್ಲಿ ಮೂವತ್ತು-ನಲವತ್ತರ ಮೂರೂವರೆ ಸೈಟು. ಅಷ್ಟರಲ್ಲಿ ಹುಲ್ಲು ಕೊಚ್ಚಿಸಲು, ಕಾಯಿ ಕೀಳಿಸಲು, ಮಳೆಗಾಲದಲ್ಲಿ ಅಂಗಳದ ಹಾವಸೆ ಉಜ್ಜಿಸಲು ಆಳು ಹುಡುಕುವುದೇ ಒಂದು ಉದ್ಯೋಗ. ಹಾವಸೆಯ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡ ಹಿರಿಯರನ್ನು ನಾನು ಪ್ರತಿ ವರ್ಷ ಕಾಣುತ್ತೇನೆ. ಫ್ಲಾಟಿನಲ್ಲಿ ಗೋಡೆಯಾಚೆ ಇನ್ನೊಂದು ಸಂಸಾರವಿರುತ್ತದೆ, ರಾತ್ರಿ ಬಾಗಿಲು ತಟ್ಟಬಹುದು.

ಆದರೂ ಜಾಗವೇ ಬೇಕೆಂದರೆ ದಾಖಲೆಯ ಬಗ್ಗೆ ಇಷ್ಟು. 2020ರ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಅದನ್ನೇ ಹಿಡಿದು ಅಗ್ಗದ ಜಾಗ ತೋರಿಸುವವರಿದ್ದಾರೆ. ಕೊಳ್ಳಬಹುದು ಎಂದ ಮಾತ್ರಕ್ಕೆ ಮನೆ ಕಟ್ಟಬಹುದು ಎಂದಲ್ಲ, ಭೂಪರಿವರ್ತನೆ ಆಗಿರಬೇಕು. ಇಲ್ಲಿ ಎಲ್ಲರೂ ಕೇಳುವುದು "ಕನ್ವರ್ಷನ್ ಆಗಿದೆಯಾ, 9/11 ಆಗಿದೆಯಾ" ಎಂದೇ. 9 ಮತ್ತು 11 ಪಂಚಾಯಿತಿ ಕೊಡುವ ನಮೂನೆಗಳು, ಅವಿಲ್ಲದೆ ನೋಂದಣಿಯೂ ಇಲ್ಲ, ಬ್ಯಾಂಕ್ ಸಾಲವೂ ಇಲ್ಲ. ಮಾರುವವರು ಬೇಲಿಯ ತನಕ ಕೈ ತೋರಿಸಿದರೆ ಪಹಣಿಯ ವಿಸ್ತೀರ್ಣದ ಜೊತೆ ತಾಳೆ ನೋಡಿ. ಬೇಲಿಯೊಳಗೆ ಕುಮ್ಕಿ ಇರಬಹುದು. ಕುಮ್ಕಿ ಸರ್ಕಾರದ ಭೂಮಿ, ಪಕ್ಕದ ವರ್ಗದಾರನಿಗೆ (ಪಟ್ಟಾ ಜಮೀನಿನ ಒಡೆಯನಿಗೆ) ಸೊಪ್ಪು ಸದೆಯ ಸವಲತ್ತು ಮಾತ್ರ ಇರುವಂಥದ್ದು, ಅದನ್ನು ಮಾರುವಂತಿಲ್ಲ. ದಾರಿಯನ್ನೂ ಹಾಗೆಯೇ ನೋಡಿ. "ಮೊದಲಿಂದ ಇರುವ ಮಾಮೂಲು ದಾರಿ" ಎಂಬ ಮಾತಿಗೆ ಆಂಬುಲೆನ್ಸ್ ಒಳಬರುವುದಿಲ್ಲ, ದಾರಿಯ ಹಕ್ಕು ಕ್ರಯಪತ್ರದಲ್ಲಿ ಬರೆದಿರಬೇಕು. ಈ ಕಾಗದಗಳನ್ನು ಊರಿನ ವಕೀಲರೊಬ್ಬರಿಗೆ ಫೀಸು ಕೊಟ್ಟು ಓದಿಸಿ. ಮಾರುವವರೇ ಗೊತ್ತುಮಾಡಿಕೊಟ್ಟ ವಕೀಲರು ಬೇಡ.

ಬರುವ ಕ್ರಮ ಹೀಗಿರಲಿ. ಮೇ ಎರಡನೇ ವಾರ ಬನ್ನಿ, ಸೆಕೆಗೆ ಹೆದರಬೇಡಿ. ಮೂರು ನಾಲ್ಕು ಬಾಡಿಗೆ ಮನೆ ನೋಡಿ, ಪ್ರತಿ ಮನೆಯಲ್ಲೂ ಬಾವಿಯ ನೀರು ಒಂದು ಲೋಟ ಕುಡಿಯಿರಿ. ಮನೆ ಹಿಡಿಯುವ ಮುಂಚೆ ರಾತ್ರಿ ಒಂಬತ್ತಕ್ಕೆ ಅದರ ಗೇಟಿನಿಂದ ಮಣಿಪಾಲದ ಆಸ್ಪತ್ರೆಯ ಬಾಗಿಲವರೆಗೆ ಕಾರಿನಲ್ಲಿ ಹೋಗಿ ಗಡಿಯಾರ ನೋಡಿಕೊಳ್ಳಿ. ಮಳೆಗಾಲದಲ್ಲಿ ಅದಕ್ಕೆ ಇನ್ನೂ ಹದಿನೈದು ಇಪ್ಪತ್ತು ನಿಮಿಷ ಸೇರಿಸಿ. ನಿಮ್ಮ ಮನೆಯವರ ಆಂಜಿಯೋಗ್ರಾಂ ವರದಿ, ಸಿ.ಡಿ., ಸ್ಟೆಂಟಿನ ಕಾರ್ಡು ತಂದು, ಬಂದ ವಾರದೊಳಗೇ ಅಲ್ಲಿ ಹೃದಯದ ಡಾಕ್ಟರಿಗೆ ತೋರಿಸಿ ಫೈಲು ತೆರೆಸಿ. ತುರ್ತಿನ ರಾತ್ರಿ ಆ ಫೈಲಿನ ನಂಬರೇ ಅರ್ಧ ಗಂಟೆ ಉಳಿಸುತ್ತದೆ.

ಕೊನೆಗೆ ಪುಸ್ತಕ. ಮೊದಲ ಮಳೆಗಾಲಕ್ಕೆ 800 ಪುಸ್ತಕವನ್ನೂ ತರಬೇಡಿ, ತೀರಾ ಬೇಕಾದ ನಲವತ್ತು ಐವತ್ತು ತನ್ನಿ. ದಾವಣಗೆರೆಯ ಒಣ ಹವೆಯಲ್ಲಿ ಬೆಳೆದ ಪುಸ್ತಕಕ್ಕೆ ಜುಲೈ ಬರುವಷ್ಟರಲ್ಲಿ ಬೂಷ್ಟು ಹಿಡಿಯುತ್ತದೆ, ರಟ್ಟು ಉಬ್ಬುತ್ತದೆ, ಬೈಂಡಿನ ಅಂಟು ತಿನ್ನಲು ಹುಳು ಬರುತ್ತವೆ. ನಮ್ಮಲ್ಲಿ ಹಳಬರು ಬಾಗಿಲಿರುವ ಕಪಾಟಿನ ಕೆಳಗಿನ ಅರೆಯಲ್ಲಿ ಸಣ್ಣ ಹಳದಿ ಬಲ್ಬೊಂದನ್ನು ಹಗಲು ರಾತ್ರಿ ಉರಿಸಿಡುತ್ತಾರೆ, ಆ ಬಿಸಿಗೆ ತೇವ ನಿಲ್ಲುವುದಿಲ್ಲ. ಎಲ್.ಇ.ಡಿ. ಬಲ್ಬಿನಿಂದ ಆ ಕೆಲಸ ಆಗದು, ಹಳೆಯ ತಂತಿಯ ಬಲ್ಬೇ ಬೇಕು. ಅದು ಕಾಗದಕ್ಕೆ ತಾಗದಂತೆ ಸುತ್ತ ಒಂದು ಗೇಣು ಜಾಗ ಬಿಟ್ಟಿರಬೇಕು. ಕಪಾಟನ್ನು ಪಶ್ಚಿಮದ ಹೊರಗೋಡೆಗೆ ಆನಿಸದೆ ಒಳಗೋಡೆಯ ಬಳಿ ನಾಲ್ಕು ಬೆರಳು ದೂರ ನಿಲ್ಲಿಸಿ. ದಸರೆ ಕಳೆದು ಮೊದಲ ಒಳ್ಳೆಯ ಬಿಸಿಲು ಬಿದ್ದ ದಿನ ಎಲ್ಲವನ್ನೂ ಜಗಲಿಗೆ ತಂದು, ಹಾಳೆ ಬಿಡಿಸಿ, ನೆರಳಲ್ಲಿ ಗಾಳಿಗೆ ಹರವಿ. ಆ ಐವತ್ತು ಪುಸ್ತಕ ಹೇಗಿವೆ ಎಂದು ನೋಡಿಕೊಂಡು ಉಳಿದ ಏಳುನೂರೈವತ್ತಕ್ಕೆ ಲಾರಿ ಗೊತ್ತುಮಾಡಿ.